ಮೂವತ್ತಕ್ಕೆ ತೆರೆದ ಬಾಗಿಲು: ದಾರಿಯೊ ಹ್ಯೂಬ್ನರ್ ಆಟದ ಬಗ್ಗೆ

2002ರ ಮೇ 5, ಭಾನುವಾರ. ಇಟಲಿಯ ಸೀರಿ ಎ ಲೀಗಿನ ಕಡೆಯ ದಿನ. ಅಂಕಪಟ್ಟಿಯ ತುದಿಯಲ್ಲಿದ್ದ ಇಂಟರ್ ಮಿಲಾನ್ ರೋಮ್‌ನಲ್ಲಿ ಲಾಜಿಯೊ ಎದುರು 4–2ರಿಂದ ಸೋತು ಕೈಗೆ ಬಂದ ಪಟ್ಟವನ್ನು ಕಳೆದುಕೊಂಡಿತು. ಬೆಂಚಿನ ಮೇಲೆ ಕೂತು ಅಳುತ್ತಿದ್ದ ರೊನಾಲ್ಡೊನ ಮುಖವನ್ನು ಟಿ.ವಿ. ಕ್ಯಾಮೆರಾಗಳು ಬಿಡದೆ ತೋರಿಸಿದವು. ಉದಿನೆಯಲ್ಲಿ ಗೆದ್ದ ಯುವೆಂಟಸ್ ಚಾಂಪಿಯನ್ ಆಯಿತು. ಅದೇ ಹೊತ್ತಿಗೆ ಪೋ ನದಿಯ ಬಯಲಿನ ಪಿಯಾಚೆನ್ಜಾ ಎಂಬ ಊರಿನಲ್ಲಿ ಇನ್ನೊಂದು ಪಂದ್ಯ ನಡೆಯುತ್ತಿತ್ತು. ಪಟ್ಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಪಿಯಾಚೆನ್ಜಾ, ವೆರೋನಾ ಎರಡಕ್ಕೂ ಇದ್ದದ್ದು ಎರಡನೇ ದರ್ಜೆಗೆ ಇಳಿದುಬಿಡುವ ಭಯ. ಆ ವೆರೋನಾದಲ್ಲಿ ನಾಲ್ಕು ವರ್ಷಗಳ ನಂತರ ವಿಶ್ವಕಪ್ ಗೆಲ್ಲಲಿದ್ದ ಇಟಲಿ ತಂಡದ ಮೂವರಿದ್ದರು: ಒದ್ದೊ, ಕಮೊರನೇಸಿ, ಜಿಲಾರ್ದಿನೊ. ಪಿಯಾಚೆನ್ಜಾದ ಮುಂಚೂಣಿಯಲ್ಲಿದ್ದವನು ಒಂದು ವಾರದ ಹಿಂದಷ್ಟೇ ಮೂವತ್ತೈದು ತುಂಬಿದ ದಾರಿಯೊ ಹ್ಯೂಬ್ನರ್. ಪಂದ್ಯ 3–0. ಎರಡು ಗೋಲು ಅವನವು. ಪಿಯಾಚೆನ್ಜಾ ಉಳಿಯಿತು, ವೆರೋನಾ ಇಳಿಯಿತು.

ಆ ಎರಡು ಗೋಲುಗಳೊಂದಿಗೆ ಹ್ಯೂಬ್ನರ್‌ನ ಲೆಕ್ಕ 24ಕ್ಕೆ ಮುಟ್ಟಿತು. ಉದಿನೆಯಲ್ಲಿ ಗೋಲು ಹೊಡೆದ ಯುವೆಂಟಸ್‌ನ ದವೀದ್ ತ್ರೆಜೆಗೆ ಕೂಡ 24ಕ್ಕೆ ಬಂದು ನಿಂತಿದ್ದ. ಇಬ್ಬರೂ ಆ ವರ್ಷದ ಅತಿ ಹೆಚ್ಚು ಗೋಲಿನ ಗೌರವವನ್ನು ಹಂಚಿಕೊಂಡರು. ತ್ರೆಜೆಗೆಗೆ ಆಗ ಇಪ್ಪತ್ತನಾಲ್ಕು ವರ್ಷ. ಫ್ರಾನ್ಸ್ ಪರವಾಗಿ ವಿಶ್ವಕಪ್ ಗೆದ್ದಿದ್ದ, 2000ದ ಯೂರೋ ಫೈನಲ್‌ನಲ್ಲಿ ಇಟಲಿಯನ್ನೇ ಸೋಲಿಸಿದ ಗೋಲು ಹೊಡೆದಿದ್ದ. (ನಮ್ಮಲ್ಲಿ ಐಎಸ್ಎಲ್ ಶುರುವಾದ 2014ರಲ್ಲಿ ಪುಣೆ ತಂಡದ ಅಂಗಿ ತೊಟ್ಟು ಬಂದದ್ದು ಇದೇ ತ್ರೆಜೆಗೆ.) ಇನ್ನೊಬ್ಬನು ತನ್ನ ದೇಶದ ಪರವಾಗಿ ಒಂದು ಸ್ನೇಹಪಂದ್ಯವನ್ನೂ ಆಡಿದವನಲ್ಲ. ಆಡುವ ಅವಕಾಶ ಮುಂದೆಯೂ ಬರಲಿಲ್ಲ.

ಇಟಲಿಯಲ್ಲಿ ಹ್ಯೂಬ್ನರ್ ಹೆಸರೆತ್ತಿದರೆ ಸಾಕು, ಜನ ನಕ್ಕು ಎರಡು ವಸ್ತುಗಳ ಹೆಸರು ಹೇಳುತ್ತಾರೆ: ಸಿಗರೇಟು, ಗ್ರಾಪ್ಪಾ. ಗ್ರಾಪ್ಪಾ ಎಂದರೆ ದ್ರಾಕ್ಷಿ ಹಿಂಡಿದ ಮೇಲೆ ಉಳಿದ ಚರಟದಿಂದ ಭಟ್ಟಿ ಇಳಿಸಿದ ಮದ್ಯ. ಇವೆರಡೂ ಇಲ್ಲದಿದ್ದರೆ ಹ್ಯೂಬ್ನರ್ ಎಲ್ಲರಿಗಿಂತ ದೊಡ್ಡ ಸ್ಟ್ರೈಕರ್ ಆಗಿರುತ್ತಿದ್ದ ಎಂಬರ್ಥದ ಮಾತನ್ನು ಬ್ರೆಶಾ ಕ್ಲಬ್ಬಿನ ಅಧ್ಯಕ್ಷನಾಗಿದ್ದ ಲುಯಿಜಿ ಕೊರಿಯೋನಿಯ ಬಾಯಲ್ಲಿ ಇಡುತ್ತಾರೆ. 2002ರ ಸೀಸನ್ ಮುಗಿದ ಮೇಲೆ ಕಾರ್ಲೊ ಅಂಚೆಲೊಟ್ಟಿ ಅವನನ್ನು ಎಸಿ ಮಿಲಾನ್ ಜೊತೆ ಅಮೆರಿಕ ಪ್ರವಾಸಕ್ಕೆ ಕರೆದೊಯ್ದದ್ದು, ವಿರಾಮದ ಹೊತ್ತಿನಲ್ಲಿ ಅವನು ಸಿಗರೇಟು ಹಚ್ಚಿ ಕೂತಿದ್ದು ಇನ್ನೊಂದು ಪ್ರಸಿದ್ಧ ಕತೆ. ಅವನು ಇದನ್ನೆಲ್ಲ ಮುಚ್ಚಿಟ್ಟವನೇ ಅಲ್ಲ. ಕೇಳಿದವರಿಗೆಲ್ಲ ತಾನೇ ಹೇಳಿಕೊಂಡು ಬಂದಿದ್ದಾನೆ.

ಆದರೂ ಈ ಕತೆಗಳ ಬಗ್ಗೆ ನನಗೊಂದು ಗಟ್ಟಿಯಾದ ತಕರಾರಿದೆ. ಕತೆ ಸುಳ್ಳೆಂದಲ್ಲ, ಅದು ಬೆಳೆದು ಆಟವನ್ನೇ ಮುಚ್ಚಿಬಿಟ್ಟಿದೆ. ಸೇದುತ್ತ ಕುಡಿಯುತ್ತ ಗೋಲು ಹೊಡೆದವನು ಎಂದೊಡನೆ ಆ ಗೋಲುಗಳು ಅದೃಷ್ಟದಿಂದಲೋ ಹುಟ್ಟುಗುಣದಿಂದಲೋ ತಾವಾಗಿ ಬಂದವು ಎಂಬಂತೆ ಕೇಳಿಸುತ್ತದೆ. ಅವನ ಹೆಸರಿನಲ್ಲಿ ಸೀರಿ ಎ ಒಂದರಲ್ಲೇ 74 ಗೋಲುಗಳಿವೆ, ಅದೂ ಮೂವತ್ತು ದಾಟಿದ ಮೇಲೆ ಹೊಡೆದವು. ಅವು ಹೇಗೆ ಬಂದವು, ಅದಕ್ಕೆ ಮೊದಲಿನ ಹತ್ತು ವರ್ಷ ಇಟಲಿಯ ದೊಡ್ಡ ಫುಟ್‌ಬಾಲಿಗೆ ಅವನು ಯಾಕೆ ಕಾಣಿಸಲಿಲ್ಲ ಎಂಬುದು ಕೇಳಬೇಕಾದ ಪ್ರಶ್ನೆ. ಸಿಗರೇಟಿನ ಕತೆ ಆ ಪ್ರಶ್ನೆಯನ್ನು ಎತ್ತಲು ಬಿಡುವುದಿಲ್ಲ.

ಹ್ಯೂಬ್ನರ್ ಹುಟ್ಟಿದ್ದು 1967ರ ಏಪ್ರಿಲ್ 28ರಂದು, ಇಟಲಿಯ ಈಶಾನ್ಯ ಮೂಲೆಯ ತ್ರಿಯೆಸ್ತೆಯಲ್ಲಿ. ಬೆಳೆದದ್ದು ಅದರ ಪಕ್ಕದ, ಆಗಿನ ಯುಗೋಸ್ಲಾವಿಯದ ಗಡಿಗೆ ಅಂಟಿಕೊಂಡಿದ್ದ ಮುಜ್ಜಾ ಎಂಬ ಪುಟ್ಟ ಬಂದರಿನಲ್ಲಿ. ಹೆಸರು ಜರ್ಮನ್ನರದ್ದು, ಆಟಗಾರ ಅಪ್ಪಟ ಇಟಾಲಿಯನ್. ಓದು ಬೇಗ ನಿಂತಿತು. ಹದಿಹರೆಯದಲ್ಲೇ ದುಡಿಮೆಗೆ ಇಳಿದು ಮನೆಗಳಿಗೆ ಅಲ್ಯೂಮಿನಿಯಂ ಕಿಟಕಿ–ಬಾಗಿಲುಗಳ ಚೌಕಟ್ಟು ಕೂರಿಸುವ ಕೆಲಸ ಮಾಡುತ್ತಿದ್ದ. ಕೆಲಸ ಬಿಟ್ಟ ಮೇಲೆ ಊರಿನ ಮುಜ್ಜೆಸಾನಾ ತಂಡದಲ್ಲಿ ಆಟ. ಅವನ ಓರಗೆಯವರು ದೊಡ್ಡ ಕ್ಲಬ್‌ಗಳ ಅಕಾಡೆಮಿಗಳಲ್ಲಿ ದಿನವಿಡೀ ತರಬೇತಿ ಪಡೆಯುತ್ತಿದ್ದ ವಯಸ್ಸದು. ಅವರಿಗೆ ಚಿಕ್ಕಂದಿನಲ್ಲೇ ತಿದ್ದಿ ಕಲಿಸಿದ್ದನ್ನು ಇವನು ಇಪ್ಪತ್ತು ದಾಟಿದ ಮೇಲೆ ನಿಜವಾದ ಪಂದ್ಯಗಳಲ್ಲಿ, ಡಿಫೆಂಡರುಗಳ ಏಟು ತಿನ್ನುತ್ತ ಕಲಿಯಬೇಕಾಯಿತು.

ಆಗಿನ ಇಟಲಿಯ ಫುಟ್‌ಬಾಲ್ ವ್ಯವಸ್ಥೆಯಲ್ಲಿ ಸೀರಿ ಎ, ಬಿ, ಸಿ1, ಸಿ2 ಎಂದು ನಾಲ್ಕು ವೃತ್ತಿಪರ ದರ್ಜೆಗಳಿದ್ದವು. ಕೆಳಗೆ ಇಂಟರ್‌ರೆಜಿಯೊನಾಲೆ ಎಂಬ ಹವ್ಯಾಸಿ ಲೀಗು, ಅದಕ್ಕೂ ಕೆಳಗೆ ಊರೂರಿನ ಲೀಗುಗಳು. ಹ್ಯೂಬ್ನರ್ ಇವುಗಳಲ್ಲಿ ಒಂದು ಮೆಟ್ಟಿಲನ್ನೂ ಹಾರಲಿಲ್ಲ. 1987ರಲ್ಲಿ ಇಂಟರ್‌ರೆಜಿಯೊನಾಲೆಯ ಪಿಯೆವಿಜೀನಾ. ಮರುವರ್ಷ ಸಿ2ನ ಪೆರ್ಗೊಕ್ರೇಮಾ. 1989ರಿಂದ ಆಡ್ರಿಯಾಟಿಕ್ ಕರಾವಳಿಯ ಫಾನೊ. ಅಲ್ಲಿ ಅವನಿಗೆ ಸಿಕ್ಕ ಕೋಚ್‌ಗಳಲ್ಲಿ ಒಬ್ಬ ಮುಂದೆ ದೊಡ್ಡ ಹೆಸರು ಮಾಡಿದ ಫ್ರಾಂಚೆಸ್ಕೊ ಗ್ವಿದೊಲಿನ್. ಇವನು ಸೇರಿದ ಮೊದಲ ವರ್ಷವೇ ತಂಡ ಸಿ1ಗೆ ಏರಿತು. 1991–92ರಲ್ಲಿ ಹ್ಯೂಬ್ನರ್ ಸಿ1ನಲ್ಲಿ 14 ಗೋಲು ಹೊಡೆದು ಪಟ್ಟಿಯ ಮೊದಲಿಗನಾದ. ಆಮೇಲೆ ಸೀರಿ ಬಿಯ ಚೆಜೇನಾ, ಅಲ್ಲಿ ಐದು ವರ್ಷ. 1995–96ರಲ್ಲಿ 22 ಗೋಲು, ಮತ್ತೆ ಪಟ್ಟಿಯ ಮೊದಲ ಹೆಸರು. ಊರೂರು ಅಲೆದ ಆಟಗಾರ ಎಂದು ಅವನನ್ನು ಕರೆಯುತ್ತಾರೆ, ಕ್ಲಬ್ಬುಗಳ ಸಂಖ್ಯೆ ನೋಡಿದರೆ ಹೌದೆನಿಸುತ್ತದೆ. ಆದರೆ ಫಾನೊದಲ್ಲಿ ಮೂರು, ಚೆಜೇನಾದಲ್ಲಿ ಐದು, ಬ್ರೆಶಾದಲ್ಲಿ ನಾಲ್ಕು ವರ್ಷ ನಿಂತವನ ಬದುಕನ್ನು ಅಲೆದಾಟ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹೋದ ಕಡೆ ಬೇರು ಬಿಟ್ಟು, ಕೊಡುವುದನ್ನು ಕೊಟ್ಟು, ಮೇಲಿನವರು ಕರೆದಾಗ ಮಾತ್ರ ಹೊರಟವನು ಅವನು.

ಚೆಜೇನಾದ ಆ ಐದು ವರ್ಷಗಳನ್ನು ನೋಡಿದಾಗ ಬೇಸರವೇ ಆಗುತ್ತದೆ. ಆಗ ಸೀರಿ ಎಯಲ್ಲಿ ಹದಿನೆಂಟು ತಂಡಗಳಿದ್ದವು. ಒಂದು ತಂಡ ಮೈದಾನಕ್ಕೆ ಇಳಿಸಬಹುದಾಗಿದ್ದ ವಿದೇಶಿ ಆಟಗಾರರು ಮೂವರೇ. 1995ರ ಡಿಸೆಂಬರಿನಲ್ಲಿ ಬೋಸ್ಮನ್ ತೀರ್ಪು ಬಂದ ಮೇಲಷ್ಟೇ ಯುರೋಪಿನ ಆಟಗಾರರಿಗೆ ಈ ಮಿತಿ ಸಡಿಲವಾಯಿತು. ಅಂದರೆ ಗೋಲು ಹೊಡೆಯುವ ಇಟಾಲಿಯನ್ನರಿಗೆ ಜಾಗ ಧಾರಾಳವಾಗಿಯೇ ಇತ್ತು. ಎರಡನೇ ದರ್ಜೆಯಲ್ಲಿ ವರ್ಷದಿಂದ ವರ್ಷಕ್ಕೆ ಗೋಲು ಹೊಡೆಯುತ್ತಿದ್ದ ಈ ಎತ್ತರದ, ಬಲಿಷ್ಠ, ವೇಗದ ಆಟಗಾರನನ್ನು ಹದಿನೆಂಟರಲ್ಲಿ ಒಂದು ತಂಡವೂ ಕರೆಯಲಿಲ್ಲ. 1994ರಲ್ಲಿ ಚೆಜೇನಾ ತಾನೇ ಮೇಲೇರುವ ಹೊಸ್ತಿಲಿಗೆ ಬಂದಿತ್ತು. ಕ್ರೆಮೋನಾದಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಪಾದೊವಾ ಎದುರು 2–1ರಿಂದ ಸೋತು ಅದೂ ತಪ್ಪಿತು. ಇಪ್ಪತ್ತೈದರ ಹೊತ್ತಿಗೆ ಬಿಯಲ್ಲೇ ಇರುವವನು ಬಿಗೆ ತಕ್ಕವನು ಎಂದು ತೀರ್ಮಾನಿಸಿಬಿಡುವುದು ಫುಟ್‌ಬಾಲ್ ಮಾರುಕಟ್ಟೆಯ ಹಳೆಯ ರೂಢಿ. ಆಟಗಾರನ ಬೆಲೆ ಕಟ್ಟುವಾಗ ಮುಂದೆ ಮಾರಿದರೆ ಎಷ್ಟು ಬರುತ್ತದೆ ಎಂಬುದನ್ನೂ ಸೇರಿಸುತ್ತಾರೆ. ತಡವಾಗಿ ಶುರು ಮಾಡಿದವನು ಆ ಲೆಕ್ಕದಲ್ಲಿ ಮೊದಲೇ ಸೋತಿರುತ್ತಾನೆ.

ಇನ್ನು ಅವನ ಆಟಕ್ಕೆ ಬರೋಣ.

ಹ್ಯೂಬ್ನರ್ ಚೆಂಡನ್ನು ಕಾಲಲ್ಲಿಟ್ಟುಕೊಂಡು ಮೂವರನ್ನು ದಾಟುವ ಜಾತಿಯವನಲ್ಲ. ಪಾಸುಗಳ ಜಾಲದಲ್ಲಿ ಸೇರಿಕೊಂಡು ಆಟ ಕಟ್ಟುವವನೂ ಅಲ್ಲ. ಚೆಂಡು ಅವನ ಹತ್ತಿರ ಇರುತ್ತಿದ್ದದ್ದೇ ಕಡಿಮೆ. ಅವನ ಕಸುಬು ಚೆಂಡಿಲ್ಲದಾಗಿನ ಓಟದಲ್ಲಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಅರೀಗೊ ಸಾಕಿಯ ಮಿಲಾನ್ ತಂಡ ಗೆಲ್ಲತೊಡಗಿದ ಮೇಲೆ ಇಟಲಿಯ ಬಹುತೇಕ ತಂಡಗಳು ಡಿಫೆನ್ಸ್ ಸಾಲನ್ನು ಗೋಲಿನಿಂದ ಮುಂದಕ್ಕೆ ತಂದು ನಿಲ್ಲಿಸುವುದನ್ನು ಕಲಿತಿದ್ದವು. ಸಾಲು ಮುಂದೆ ಬಂದಷ್ಟೂ ಎದುರಾಳಿ ಸ್ಟ್ರೈಕರ್ ಆಫ್‌ಸೈಡ್ ಬಲೆಗೆ ಬೀಳುತ್ತಾನೆ, ನಿಜ. ಜೊತೆಗೆ ಸಾಲಿನ ಬೆನ್ನ ಹಿಂದೆ ಮೂವತ್ತು–ನಲವತ್ತು ಗಜ ಖಾಲಿ ಹುಲ್ಲೂ ಬಿದ್ದಿರುತ್ತದೆ. ಹ್ಯೂಬ್ನರ್ ಆ ಖಾಲಿ ಹುಲ್ಲಿನ ಮೇಲೆ ಕಣ್ಣಿಟ್ಟು ಆಡಿದವನು. ಓಡುವ ಬಸ್ಸಿಗೆ ಹತ್ತುವವನು ಮೊದಲು ಬಸ್ಸಿನ ವೇಗಕ್ಕೇ ಓಡಿ ಆಮೇಲೆ ಕಂಬಿ ಹಿಡಿಯುತ್ತಾನಲ್ಲ, ಹಾಗೆ ಇವನು ಡಿಫೆಂಡರುಗಳ ಸಾಲಿಗೆ ಅಡ್ಡಲಾಗಿ, ಅವರದೇ ಮಟ್ಟದಲ್ಲಿ ಒಂದೆರಡು ಹೆಜ್ಜೆ ಓಡಿ ವೇಗ ಕೂಡಿಸಿಕೊಳ್ಳುತ್ತಿದ್ದ. ಪಾಸ್ ಕೊಡುವವನ ಕಾಲು ಚೆಂಡಿಗೆ ತಗಲುವ ಕ್ಷಣದಲ್ಲಿ ತಿರುಗಿ ನೇರ ಗೋಲಿನತ್ತ ನುಗ್ಗುತ್ತಿದ್ದ. ನಿಂತಲ್ಲಿಂದ ತಿರುಗಿ ಓಡಬೇಕಾದ ಡಿಫೆಂಡರಿಗಿಂತ ಅವನು ಅಷ್ಟರಲ್ಲೇ ಎರಡು ಗಜ ಮುಂದಿರುತ್ತಿದ್ದ.

ಹೀಗೆ ನುಗ್ಗುವುದು ಒಂದು ಪಂದ್ಯದಲ್ಲಿ ಇಪ್ಪತ್ತು ಸಲವಾದರೂ ಬೇಕು. ಅದರಲ್ಲಿ ಹದಿನೈದು ಸಲ ಚೆಂಡು ಬರುವುದೇ ಇಲ್ಲ, ಮೂರು ಸಲ ಬಾವುಟ ಏಳುತ್ತದೆ. ಉಳಿದ ಎರಡಕ್ಕೆ ಕಾಯಬೇಕು, ಕಾಯುವಾಗ ಓಟ ನಿಲ್ಲಿಸಬಾರದು. ತಲೆ ತಗ್ಗಿಸಿ ಹೆಗಲು ಮುಂದೆ ಮಾಡಿ ನುಗ್ಗುವ ಆ ಪರಿ ನೋಡಿಯೇ ಅವನಿಗೆ ‘ತತಾಂಕಾ’ ಎಂಬ ಅಡ್ಡಹೆಸರು ಬಿದ್ದದ್ದು. ಅಮೆರಿಕದ ಮೂಲನಿವಾಸಿ ಲಕೋಟಾ ಜನ ಬೈಸನ್ನನ್ನು ಹಾಗೆ ಕರೆಯುತ್ತಾರೆ. ಹೆಸರು ಚೆನ್ನಾಗಿ ಒಪ್ಪುತ್ತದೆ, ಆದರೆ ಅದು ಅರ್ಧವನ್ನಷ್ಟೇ ಹೇಳುತ್ತದೆ. ನುಗ್ಗಾಟ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಯಾವಾಗ ನುಗ್ಗಬೇಕು ಎಂಬ ಎಣಿಕೆ ಕಾಣುತ್ತಿರಲಿಲ್ಲ, ಗೋಲು ಹುಟ್ಟುತ್ತಿದ್ದದ್ದು ಅಲ್ಲಿ.

1997ರ ಬೇಸಿಗೆಯಲ್ಲಿ ಚೆಜೇನಾ ಸಿ1ಗೆ ಇಳಿಯಿತು. ಆಗ ತಾನೇ ಸೀರಿ ಎಗೆ ಏರಿದ್ದ ಬ್ರೆಶಾ ಹ್ಯೂಬ್ನರ್‌ನನ್ನು ಕರೆಯಿತು. ಆಗಸ್ಟ್ 31ರಂದು ಮಿಲಾನಿನ ಸಾನ್ ಸೀರೊದಲ್ಲಿ ಇಂಟರ್ ಎದುರು ಮೊದಲ ಪಂದ್ಯ. ಇಟಲಿ ಅಷ್ಟೂ ಆ ದಿನಕ್ಕೆ ಕಾಯುತ್ತಿತ್ತು, ಆದರೆ ಬೇರೊಬ್ಬನಿಗಾಗಿ. ಬಾರ್ಸಿಲೋನಾದಿಂದ ಬಂದ ಇಪ್ಪತ್ತರ ಹರೆಯದ ಬ್ರೆಜಿಲಿನ ರೊನಾಲ್ಡೊ ಅಂದು ಇಟಲಿಯ ಲೀಗಿನಲ್ಲಿ ಮೊದಲ ಸಲ ಆಡುತ್ತಿದ್ದ. ಮೂವತ್ತು ದಾಟಿದ ಹ್ಯೂಬ್ನರ್‌ಗೂ ಅದು ಸೀರಿ ಎಯ ಮೊದಲ ಪಂದ್ಯ ಎಂಬುದು ಮೈದಾನದಲ್ಲಿದ್ದ ಎಷ್ಟು ಜನಕ್ಕೆ ಗೊತ್ತಿತ್ತೋ! ರೊನಾಲ್ಡೊಗೆ ಗೋಲು ಸಿಗಲಿಲ್ಲ. 73ನೇ ನಿಮಿಷದಲ್ಲಿ ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಹ್ಯೂಬ್ನರ್ ಚೆಂಡನ್ನು ತಡೆದು, ತಿರುಗುತ್ತಲೇ ಒದ್ದ. ಇಟಲಿಯ ಪರ ವಿಶ್ವಕಪ್ ಫೈನಲ್ ಆಡಿದ್ದ ಗೋಲ್‌ಕೀಪರ್ ಪಾಲ್ಯೂಕಾಗೆ ಅದನ್ನು ತಡೆಯಲಾಗಲಿಲ್ಲ. ಬ್ರೆಶಾ 1–0. ಸಾನ್ ಸೀರೊದಲ್ಲಿ ಸದ್ದಡಗಿತು.

ಅದು ಹಾಗೇ ಉಳಿಯಲಿಲ್ಲ. ಬದಲಿ ಆಟಗಾರನಾಗಿ ಇಳಿದಿದ್ದ ಇನ್ನೊಬ್ಬ ಹೊಸಬ, ಉರುಗ್ವೆಯ ಆಲ್ವಾರೊ ರೆಕೋಬಾ ಕೊನೆಯ ಹತ್ತು ನಿಮಿಷದಲ್ಲಿ ಎಡಗಾಲಿನಿಂದ ದೂರದಿಂದಲೇ ಎರಡು ಗೋಲು ಹೊಡೆದ. ಇಂಟರ್ 2–1ರಿಂದ ಗೆದ್ದಿತು. ಇಂದಿಗೂ ಆ ದಿನದ ನೆನಪೆಂದರೆ ರೊನಾಲ್ಡೊನ ಮೊದಲ ಪಂದ್ಯ, ರೆಕೋಬಾನ ಎಡಗಾಲು. ಹ್ಯೂಬ್ನರ್‌ನ ಗೋಲನ್ನು ಆ ಸಂಜೆಯ ವಿಚಿತ್ರಗಳಲ್ಲಿ ಒಂದೆಂದು ಮೂರನೆಯದಾಗಿ ಹೇಳುತ್ತಾರೆ. ಅದು ವಿಚಿತ್ರವಾಗಿರಲಿಲ್ಲ. ಓಡಿ ಗೋಲು ಹೊಡೆಯುವುದಷ್ಟೇ ಇವನಿಗೆ ಗೊತ್ತು ಎಂದವರಿಗೆ ಆ ಒಂದು ತಿರುವಿನಲ್ಲೇ ಉತ್ತರವಿತ್ತು. ಮೊದಲ ಸ್ಪರ್ಶ ಎಷ್ಟು ಹದವಾಗಿತ್ತೆಂದರೆ ಎರಡನೆಯದಕ್ಕೆ ಗುರಿ ನೋಡುವ ಅಗತ್ಯವೇ ಬೀಳಲಿಲ್ಲ. ಆ ಸೀಸನ್ನಿನಲ್ಲಿ ಅವನು 16 ಗೋಲು ಹೊಡೆದ. ತಂಡ ಮಾತ್ರ ಉಳಿಯದೆ ಬಿಗೆ ಇಳಿಯಿತು. ಇವನೂ ಜೊತೆಗೇ ಇಳಿದು, ಅಲ್ಲಿ ಎರಡು ವರ್ಷವೂ ಇಪ್ಪತ್ತೊಂದು ಇಪ್ಪತ್ತೊಂದು ಗೋಲು ಹೊಡೆದು, 2000ದಲ್ಲಿ ತಂಡದೊಂದಿಗೆ ಮತ್ತೆ ಮೇಲೆ ಬಂದ.

ಹಾಗೆ ಬಂದಾಗ ಪಕ್ಕದಲ್ಲಿ ರೊಬೆರ್ತೊ ಬಾಜೊ ಇದ್ದ. ಕೋಚ್ ಕಾರ್ಲೊ ಮಾಜೊನೆ. ಬಾಜೊನಿಗೂ ಮೂವತ್ತಮೂರು, ಮಂಡಿಗಳು ಸವೆದಿದ್ದವು, ದೊಡ್ಡ ಕ್ಲಬ್ಬುಗಳಿಗೆ ಬೇಡವಾಗಿದ್ದ. ವಯಸ್ಸಿನಲ್ಲಿ ಇಬ್ಬರ ನಡುವೆ ಕೆಲವು ತಿಂಗಳ ಅಂತರ. ಫುಟ್‌ಬಾಲ್ ಬದುಕಿನಲ್ಲಿ ಅಜಗಜಾಂತರ. ಒಬ್ಬ 1993ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಾಗಿ ಬಾಲನ್ ಡಿ'ಓರ್ ಪಡೆದಾಗ ಇನ್ನೊಬ್ಬ ಚೆಜೇನಾದಲ್ಲಿ ಬೆವರು ಹರಿಸುತ್ತಿದ್ದ. ಬಾಜೊನ ಪಾಸು ಹ್ಯೂಬ್ನರ್‌ನ ಓಟಕ್ಕೆ ಹೇಳಿ ಮಾಡಿಸಿದಂತಿತ್ತು. ಆ ವರ್ಷ ಹ್ಯೂಬ್ನರ್ 17 ಗೋಲು ಹೊಡೆದ, ಬ್ರೆಶಾ ಪಟ್ಟಿಯ ಮೇಲರ್ಧದಲ್ಲಿ ಮುಗಿಸಿ ಇಂಟರ್‌ಟೋಟೊ ಕಪ್ಪಿನ ಮೂಲಕ ಯುರೋಪಿಗೆ ಹೋಗುವ ಅರ್ಹತೆ ಗಳಿಸಿತು. ಇಷ್ಟು ದಿನ ಇವನ ಓಟಕ್ಕೆ ಅರ್ಧ ಸಲ ಉತ್ತರವೇ ಬರುತ್ತಿರಲಿಲ್ಲ. ಓಟವನ್ನು ಮೊದಲೇ ಓದುವವನೊಬ್ಬ ಹಿಂದೆ ನಿಂತರೆ ಏನಾಗುತ್ತದೆಂದು ಆ ಸೀಸನ್ ತೋರಿಸಿತು. ಈ ಆಟಗಾರ ದೊಡ್ಡ ತಂಡದಲ್ಲಿ ನಿಲ್ಲುತ್ತಿದ್ದನೇ ಎಂಬ ಪ್ರಶ್ನೆಗೆ ನಾನು ಹೌದೆನ್ನುವುದು ಮುಖ್ಯವಾಗಿ ಆ ಒಂದು ವರ್ಷದ ಬಲದಿಂದ.

ಆ ವರ್ಷ ಮುಗಿಯುತ್ತಲೇ ಬ್ರೆಶಾ ಅವನನ್ನು ಪಿಯಾಚೆನ್ಜಾಕ್ಕೆ ಕೊಟ್ಟಿತು. 129 ಲೀಗ್ ಪಂದ್ಯಗಳಲ್ಲಿ 75 ಗೋಲು ಹೊಡೆದ ಮೂವತ್ತನಾಲ್ಕರ ಆಟಗಾರನ ಜಾಗಕ್ಕೆ ಇಪ್ಪತ್ತನಾಲ್ಕರ ಲೂಕಾ ತೋನಿ ಬಂದ. ಕ್ಲಬ್ಬಿನ ಖಾತೆ ಪುಸ್ತಕ ನೋಡಿದರೆ ನಿರ್ಧಾರ ಸರಿಯೇ. ತೋನಿ ಮುಂದೆ ವಿಶ್ವಕಪ್ ಗೆದ್ದ ಆಟಗಾರನಾದ. ಆದರೆ ಆ ಒಂದು ಸೀಸನ್ನಿನ ಲೆಕ್ಕ ಹೀಗಿದೆ: ತೋನಿ 13, ಹ್ಯೂಬ್ನರ್ 24. ಸೀರಿ ಎಯ ಗೋಲುಪಟ್ಟಿಯ ಅತಿ ಹಿರಿಯ ಮೊದಲಿಗನಾಗಿ ಹ್ಯೂಬ್ನರ್ 2002ರಲ್ಲಿ ಬರೆದ ದಾಖಲೆಯನ್ನು 2015ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, 22 ಗೋಲುಗಳೊಂದಿಗೆ ಮುರಿದವನೂ ಇದೇ ತೋನಿ. ಅವನು ಆಗ ಆಡುತ್ತಿದ್ದದ್ದು ವೆರೋನಾ ಪರ.

ಪಿಯಾಚೆನ್ಜಾ ಆ ಕಾಲದಲ್ಲಿ ಒಂದು ವಿಶೇಷಕ್ಕೆ ಹೆಸರಾಗಿತ್ತು: ಸೀರಿ ಎಗೆ ಬಂದ ಮೇಲೂ ವರ್ಷಗಟ್ಟಲೆ ಇಟಾಲಿಯನ್ನರನ್ನು ಮಾತ್ರ ಆಡಿಸಿದ ಕ್ಲಬ್ಬು ಅದು. 2001ರಲ್ಲಿ ಆ ಪದ್ಧತಿಯನ್ನು ಬಿಟ್ಟು ಮೊದಲ ಸಲ ಹೊರಗಿನವರನ್ನು ತಂದಿತು. ವಾಲ್ತೆರ್ ನೊವೆಲ್ಲಿನೊ ಕೋಚ್. ತಂಡದ ಬಂಡವಾಳ ಸಣ್ಣದು, ಗುರಿ ಒಂದೇ: ಉಳಿಯುವುದು. ಅಂಥ ತಂಡ ಚೆಂಡನ್ನು ಎದುರಾಳಿಗೆ ಬಿಟ್ಟು ಹಿಂದೆ ಸರಿದು ಕೂರುತ್ತದೆ. ಎದುರಾಳಿ ಮುಂದೆ ಬಂದಷ್ಟೂ ಅವರ ಬೆನ್ನ ಹಿಂದೆ ಜಾಗ ಹೆಚ್ಚುತ್ತದೆ. ಹ್ಯೂಬ್ನರ್‌ಗೆ ಬೇಕಾಗಿದ್ದದ್ದು ಅದೇ. ಆ ವರ್ಷ ತಂಡ ಹೊಡೆದ ಗೋಲುಗಳಲ್ಲಿ ಹೆಚ್ಚುಕಡಿಮೆ ಅರ್ಧ ಅವನವು. ತ್ರೆಜೆಗೆಯ ಹಿಂದೆ ನೆದ್ವೆದ್, ದೆಲ್ ಪಿಯೆರೊ ಇದ್ದರು. ಹ್ಯೂಬ್ನರ್‌ಗೆ ಬರುತ್ತಿದ್ದ ಚೆಂಡುಗಳ ಸಂಖ್ಯೆಯೇ ಬೇರೆ, ಗುಣವೇ ಬೇರೆ. ಒಂದೇ ಅಂಕಿಯ ಎರಡು ಸಾಧನೆಗಳಲ್ಲಿ ಯಾವುದು ಕಷ್ಟದ್ದು ಎಂದು ಕೇಳಿದರೆ ನನಗೆ ಅನುಮಾನವೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಬರಿಯ ಹೊಗಳಿಕೆಯಾಗುತ್ತದೆ. ಅವನ ಮಿತಿಗಳನ್ನೂ ಹೇಳಬೇಕು, ಅದಕ್ಕೆ ಒಳ್ಳೆಯ ಅಳತೆಗೋಲು ಫಿಲಿಪ್ಪೊ ಇಂಜಾಗಿ. ಹುಟ್ಟಿದ್ದು ಇದೇ ಪಿಯಾಚೆನ್ಜಾದಲ್ಲಿ, ಹ್ಯೂಬ್ನರ್‌ಗಿಂತ ಆರು ವರ್ಷ ಚಿಕ್ಕವನು. ಇಬ್ಬರ ಕಸುಬೂ ಒಂದೇ: ಆಫ್‌ಸೈಡ್ ಗೆರೆಯ ಮೇಲೆ ಬದುಕುವುದು. ಇಂಜಾಗಿಯೂ ಕೆಳ ದರ್ಜೆಗಳಲ್ಲಿ ಆಡಿಯೇ ಬಂದವನು, ಅವನೂ 1996–97ರಲ್ಲಿ ಅತಲಾಂತಾ ಪರ 24 ಗೋಲು ಹೊಡೆದು ಸೀರಿ ಎಯ ಮೊದಲಿಗನಾದವನು. ಆಗ ಅವನಿಗೆ ಇಪ್ಪತ್ತಮೂರು. ಕೂಡಲೇ ಯುವೆಂಟಸ್ ಕರೆಯಿತು, ಆಮೇಲೆ ಮಿಲಾನ್, ಚಾಂಪಿಯನ್ಸ್ ಲೀಗ್, ವಿಶ್ವಕಪ್. ಬಂದ ಅವಕಾಶವನ್ನು ಇಂಜಾಗಿ ಮೂವತ್ತೆಂಟರ ತನಕ ಎಳೆದುಕೊಂಡು ಹೋದದ್ದಕ್ಕೆ ಕಾರಣ ಅವನ ಶಿಸ್ತು. ಅವನ ಊಟದ ಕಟ್ಟುನಿಟ್ಟು ಇಟಲಿಯಲ್ಲಿ ಮನೆಮಾತು. ಪೆನಾಲ್ಟಿ ಪೆಟ್ಟಿಗೆಯ ಇಕ್ಕಟ್ಟಿನಲ್ಲಿ ಅವನು ಹ್ಯೂಬ್ನರ್‌ಗಿಂತ ಚುರುಕು. ಮುಂದೆ ಖಾಲಿ ಜಾಗ ಇಲ್ಲದಾಗಲೂ, ಎದುರಾಳಿ ಹತ್ತು ಜನರನ್ನು ಗೋಲಿನ ಮುಂದೆ ಕಟ್ಟಿಹಾಕಿದಾಗಲೂ ಗೋಲು ಹೆಕ್ಕುತ್ತಿದ್ದ. ಹ್ಯೂಬ್ನರ್‌ಗೆ ಓಡಲು ಬಯಲು ಬೇಕಿತ್ತು. ಸದಾ ಆಕ್ರಮಣ ಮಾಡುವ ದೊಡ್ಡ ತಂಡಕ್ಕೆ ಆ ಬಯಲು ವಾರವಾರವೂ ಸಿಗುವುದಿಲ್ಲ. ಅಲ್ಲಿ ಅವನ ಗೋಲುಗಳು ಇಪ್ಪತ್ತನಾಲ್ಕರಿಂದ ಹನ್ನೆರಡಕ್ಕೋ ಹದಿಮೂರಕ್ಕೋ ಇಳಿಯುತ್ತಿದ್ದವೇನೋ.

ಸಿಗರೇಟಿನಿಂದ ಏನೂ ಆಗಲಿಲ್ಲ ಎನ್ನುವುದೂ ಕುರುಡು ಅಭಿಮಾನವಾಗುತ್ತದೆ. ಶ್ವಾಸಕೋಶದ ಮೇಲೆ ನಿಂತ ಆಟ ಅವನದು, ಹೊಗೆ ಅದರಿಂದ ಏನಾದರೂ ಕಿತ್ತುಕೊಂಡೇ ಇರುತ್ತದೆ. ಆದರೆ ಅದು ಅವನನ್ನು ಇಪ್ಪತ್ತೈದರಲ್ಲಿ ಚೆಜೇನಾದಲ್ಲಿ ಹಿಡಿದಿಟ್ಟಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಸೇದುತ್ತಲೇ ಸೀರಿ ಎಯಲ್ಲಿ ಆಡಿದ ಆಟಗಾರರು ಆ ಕಾಲದ ಇಟಲಿಯಲ್ಲಿ ಇನ್ನೂ ಇದ್ದರು; ಅವರಿಗೆ ತಪ್ಪದ ಅವಕಾಶ ಇವನೊಬ್ಬನಿಗೆ ಆ ಕಾರಣಕ್ಕೆ ತಪ್ಪಿತು ಎನ್ನಲು ಆಧಾರವಿಲ್ಲ. ದುಶ್ಚಟದ ಕತೆ ಕ್ಲಬ್ಬುಗಳಿಗೆ ಅನುಕೂಲದ್ದು. ತಮ್ಮ ಕಣ್ಣು ತಪ್ಪಿದ್ದನ್ನು ಅದು ಆಟಗಾರನ ತಪ್ಪಾಗಿ ಬದಲಾಯಿಸಿಬಿಡುತ್ತದೆ.

ರಾಷ್ಟ್ರೀಯ ತಂಡದ ವಿಷಯದಲ್ಲಿ ನನ್ನ ನಿಲುವು ಅಭಿಮಾನಿಗಳದಲ್ಲ. 2002ರ ವಿಶ್ವಕಪ್ಪಿಗೆ ಜೊವಾನಿ ತ್ರಪತೋನಿ ಆರಿಸಿದವರಲ್ಲಿ ವಿಯೆರಿ, ಇಂಜಾಗಿ, ದೆಲ್ ಪಿಯೆರೊ, ತೊತ್ತಿ, ಮಾಂತೆಲ್ಲಾ, ದೆಲ್ವೆಕ್ಕಿಯೊ ಇದ್ದರು. ಬಾಜೊನನ್ನೇ ಬಿಟ್ಟ ಪಟ್ಟಿ ಅದು. ಮೂವತ್ತೈದರ, ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದ ಸ್ಟ್ರೈಕರನನ್ನು ಕರೆಯದ್ದಕ್ಕೆ ತ್ರಪತೋನಿಯನ್ನು ದೂರಲಾಗದು. ಇಟಲಿ ದಕ್ಷಿಣ ಕೊರಿಯಾ ಎದುರು ಸೋತು ಹೊರಬಿದ್ದಾಗ ‘ಹ್ಯೂಬ್ನರ್ ಇದ್ದಿದ್ದರೆ’ ಎಂದವರಿದ್ದರು. ಅಲ್ಲಿ ವಿಯೆರಿ ನಾಲ್ಕು ಗೋಲು ಹೊಡೆದಿದ್ದ. ಕೊರತೆ ಇದ್ದದ್ದು ಸ್ಟ್ರೈಕರ್ ಜಾಗದಲ್ಲಿ ಅಲ್ಲ. ಕರೆಯಬೇಕಾಗಿದ್ದರೆ 1998ರಲ್ಲಿ, ಮೊದಲ ವರ್ಷವೇ 16 ಗೋಲು ಹೊಡೆದಾಗ, ಒಂದು ಸ್ನೇಹಪಂದ್ಯಕ್ಕಾದರೂ ಕರೆದು ನೋಡಬಹುದಿತ್ತು. ಕೆಳಕ್ಕಿಳಿದ ತಂಡದ ಆಟಗಾರನ ಕಡೆ ಆಯ್ಕೆಗಾರರ ಕಣ್ಣು ಹೋಗುವುದು ಅಪರೂಪ.

ಇದು ಅವನೊಬ್ಬನ ಕತೆಯಲ್ಲ ಎನ್ನಲು ಇಗೊರ್ ಪ್ರೊತ್ತಿ ಸಾಕು. ಅವನೂ 1967ರಲ್ಲೇ ಹುಟ್ಟಿದವನು, ರಿಮಿನಿಯವನು. 1995–96ರಲ್ಲಿ ಬಾರಿ ಪರ 24 ಗೋಲು ಹೊಡೆದು ಲಾಜಿಯೊದ ಸಿನ್ಯೋರಿಯೊಂದಿಗೆ ಸೀರಿ ಎಯ ಮೊದಲ ಸ್ಥಾನ ಹಂಚಿಕೊಂಡ. ಆ ವರ್ಷವೇ ಬಾರಿ ಕೆಳದರ್ಜೆಗೆ ಇಳಿಯಿತು. ಅವನಿಗೂ ರಾಷ್ಟ್ರೀಯ ತಂಡದ ಅಂಗಿ ಸಿಗಲಿಲ್ಲ. ಲಾಜಿಯೊ, ನಾಪೊಲಿಗಳಲ್ಲಿ ಕುದುರದೆ 1999ರಲ್ಲಿ ತಾನಾಗಿಯೇ ಸಿ1ನ ಲಿವೊರ್ನೊಗೆ ಮರಳಿದ. ಅಲ್ಲಿಯೂ, ತಂಡ ಬಿಗೆ ಏರಿದ ಮೇಲೂ ಗೋಲುಗಳ ಪಟ್ಟಿಯ ಮೊದಲಿಗನಾದ. ಕಡೆಗೆ 2004ರಲ್ಲಿ ತಂಡವನ್ನು ಸೀರಿ ಎಗೆ ತಲುಪಿಸಿದವರಲ್ಲಿ ಒಬ್ಬನಾದ. ಎ, ಬಿ, ಸಿ1 ಮೂರೂ ದರ್ಜೆಗಳಲ್ಲಿ ಅತಿ ಹೆಚ್ಚು ಗೋಲಿನ ಗೌರವ ಪಡೆದವರು ಇಟಲಿಯಲ್ಲಿ ಇಬ್ಬರೇ: ಹ್ಯೂಬ್ನರ್ ಮತ್ತು ಪ್ರೊತ್ತಿ.  ಬಾರಿ, ಲಿವೊರ್ನೊಗಳ ಜನರ ಪಾಲಿಗೆ ಪ್ರೊತ್ತಿ ‘ಸಣ್ಣ ತಂಡದ ದೊಡ್ಡ ಆಟಗಾರ’ ಆಗಿರಲಿಲ್ಲ. ಬರಿಯ ದೊಡ್ಡ ಆಟಗಾರ. ಹ್ಯೂಬ್ನರ್‌ನನ್ನು ಚೆಜೇನಾದವರು, ಬ್ರೆಶಾದವರು, ಪಿಯಾಚೆನ್ಜಾದವರು ನೋಡುವುದೂ ಹಾಗೆಯೇ. ಸಿಗರೇಟಿನ ಕತೆ ಹೆಚ್ಚು ಓಡುವುದು ಈ ಊರುಗಳ ಹೊರಗೆ, ಅವನ ಆಟವನ್ನು ವಾರವಾರ ನೋಡದವರ ನಡುವೆ.

2002ರ ನಂತರದ್ದನ್ನು ಬೇಗ ಹೇಳಬಹುದು. ಮರುವರ್ಷ 14 ಗೋಲು ಹೊಡೆದರೂ ಪಿಯಾಚೆನ್ಜಾ ಇಳಿಯಿತು. 2003ರಲ್ಲಿ ಹೋದ ಆಂಕೋನಾ ತಂಡ ಇಡೀ ಸೀಸನ್ನಿನಲ್ಲಿ ಎರಡೇ ಪಂದ್ಯ ಗೆದ್ದು ಲೀಗಿನ ಅತ್ಯಂತ ಕೆಟ್ಟ ತಂಡಗಳ ಸಾಲಿಗೆ ಸೇರಿತು. ಅಲ್ಲಿ ಅವನಿಗೆ ಒಂದೂ ಗೋಲು ಸಿಗಲಿಲ್ಲ. ನಡುವೆಯೇ ಪೆರೂಜಾಕ್ಕೆ ಹೋದ, ಅದೂ ಇಳಿಯಿತು. ಮೂವತ್ತೇಳರ ಕಾಲುಗಳಲ್ಲಿ ಆ ಎರಡು ಗಜದ ಮುನ್ನಡೆ ಉಳಿದಿರಲಿಲ್ಲ. ಓಟದ ಮೇಲೆ ನಿಂತ ಕಸುಬಿಗೆ ವಯಸ್ಸು ಬೇರೆ ದಾರಿ ಬಿಡುವುದಿಲ್ಲ. ಚೆಂಡಿನೊಂದಿಗೆ ಆಟ ಕಟ್ಟುವುದನ್ನು ಅವನು ಕಲಿತಿದ್ದರೆ ಇನ್ನೆರಡು ವರ್ಷ ಸಿಗುತ್ತಿತ್ತು. ಅವನ ಆಟದಲ್ಲಿ ನನಗೆ ಕಾಣುವ ನಿಜವಾದ ಕೊರತೆ ಇದು.

2004ರಲ್ಲಿ ಸಿ1ನ ಮಾಂತೊವಾ ಸೇರಿದ, ತಂಡ ಆ ವರ್ಷ ಬಿಗೆ ಏರಿತು. ಆಮೇಲೆ ಬ್ರೆಶಾ ಸುತ್ತಿನ ಕೀಯಾರಿ, ರೊದೆಂಗೊ ಸಾಯಾನೊ, ಕಾಸ್ತೆಲ್ ಮೆಲ್ಲಾದಂಥ ಸಣ್ಣ ಊರುಗಳ ತಂಡಗಳು, ಒಂದೊಂದು ಮೆಟ್ಟಿಲು ಕೆಳಗೆ. 2011ರಲ್ಲಿ, ನಲವತ್ತಮೂರು ದಾಟಿದ ಮೇಲೆ, ಬೂಟು ಬಿಚ್ಚಿದ. ಸೀರಿ ಎಯ ಮೊದಲಿಗನೊಬ್ಬ ಊರಿನ ತಂಡಗಳಲ್ಲಿ ಆಡಿದ್ದನ್ನು ಪತನವೆಂದು ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕಿಟಕಿ ಕೂರಿಸುವ ಕೆಲಸ ಮುಗಿಸಿ ಸಂಜೆ ಆಡುತ್ತಿದ್ದ ಮಟ್ಟದಿಂದ ಅವನು ಬಂದಿದ್ದ. ಅಲ್ಲಿ ಆಡುವವರು ಯಾರು, ಹೇಗೆ ಆಡುತ್ತಾರೆ, ಅದರಲ್ಲೇನು ಸುಖವಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ದಶಕದ ಇಟಾಲಿಯನ್ ಸ್ಟ್ರೈಕರುಗಳ ಪಟ್ಟಿ ಮಾಡಿದರೆ ವಿಯೆರಿ, ದೆಲ್ ಪಿಯೆರೊ, ಇಂಜಾಗಿಯರ ಕೆಳಗೇ ಹ್ಯೂಬ್ನರ್ ಬರುತ್ತಾನೆ. ಆದರೆ ಬೆನ್ನ ಹಿಂದೆ ನುಗ್ಗುವ ಆ ಒಂದು ಕಲೆಯಲ್ಲಿ, ಬಯಲು ಸಿಕ್ಕ ದಿನ, ಇವರಲ್ಲಿ ಯಾರನ್ನೂ ನಾನು ಅವನಿಗಿಂತ ಮೇಲಿಡಲಾರೆ. ಇವರ ಗೋಲುಗಳನ್ನು ಎಣಿಸುವವರು ಸೀರಿ ಎಯಿಂದ ಎಣಿಸಲು ಶುರು ಮಾಡುತ್ತಾರೆ. ಹ್ಯೂಬ್ನರ್‌ನ ಲೆಕ್ಕ ಫಾನೊದಿಂದಲೇ ಶುರುವಾಗಬೇಕು.